ಸಿಗ್ನಲ್ಲಲ್ಲಿ ಏರೋ ಮುಳ್ಳು, ಹೈವೇಲಿ ಇಳಿಯೋ ಮುಳ್ಳು

ಬೇಸಿಗೆ ಬಂತು ಅಂದ್ರೆ ಈ ಅಂಕಣಕ್ಕೆ ಬರೋ ಪತ್ರಗಳಲ್ಲಿ ಇಂಜಿನ್ ಹೀಟಿನ ಪತ್ರಗಳೇ ಜಾಸ್ತಿ. ಅದಕ್ಕೆ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇದೊಂದನ್ನೇ ತಗೊಂಡಿದೀನಿ. ಮೊದಲನೇ ಪತ್ರ ಸ್ವಲ್ಪ ಉದ್ದ, ಆದ್ರೂ ಕತ್ತರಿಸದೆ ಹಾಕಿದೀನಿ, ಯಾಕಂದ್ರೆ ಅವರು ಅಷ್ಟು ಚೆನ್ನಾಗಿ ಗಮನಿಸಿ ಬರ್ದಿದಾರೆ, ಕಾಯಿಲೆ ಎಲ್ಲಿದೆ ಅನ್ನೋದು ಅವರ ಮಾತಲ್ಲೇ ಇದೆ.

ಪ್ರಶ್ನೆ: ಸರ್, ನಂದು 2010ರ ಪೆಟ್ರೋಲ್ ಕಾರು, 94 ಸಾವಿರ ಕಿಲೋಮೀಟರ್ ಓಡಿದೆ. ಮನೆ ಬನಶಂಕರಿ, ಆಫೀಸು ಮಾರತಹಳ್ಳಿ. ಬೆಳಿಗ್ಗೆ ಹೊರಟಾಗ ಏನೂ ಇರಲ್ಲ, ಸಿಲ್ಕ್ ಬೋರ್ಡ್ ಹತ್ರ ಬರೋಷ್ಟೊತ್ತಿಗೆ ಟೆಂಪರೇಚರ್ ಮುಳ್ಳು ಅರ್ಧ ದಾಟಿರುತ್ತೆ, ಅಲ್ಲಿಂದ ಇಬ್ಬಲೂರು ತನಕ ತೆವಳ್ಕೊಂಡು ಹೋಗೋವಾಗ ಹೆಚ್ (ಹಾಟ್ ಅನ್ನೋ ಗುರುತು) ಹತ್ರ ಹೋಗ್ಬಿಡುತ್ತೆ, ಏಸೀಲಿ ಬಿಸಿಗಾಳಿ ಬರೋಕೆ ಶುರುವಾಗುತ್ತೆ. ಆದ್ರೆ ಹೋದ ತಿಂಗಳು ಮನೆಯವರನ್ನೆಲ್ಲ ಕರ್ಕೊಂಡು ಮೈಸೂರಿಗೆ ಹೋಗಿದ್ವಿ, ಎಕ್ಸ್‌ಪ್ರೆಸ್‌ವೇಲಿ 80ರಲ್ಲಿ ಏಸಿ ಹಾಕ್ಕೊಂಡೇ ಹೋದ್ವಿ, ಮುಳ್ಳು ಅಲ್ಲಾಡ್ಲಿಲ್ಲ. ಮೊದಲು ಒಬ್ರು ಮೆಕ್ಯಾನಿಕ್ ಥರ್ಮೋಸ್ಟಾಟ್ ಹೋಗಿದೆ, ನಮ್ಮೂರಿಗೆ ಅದು ಬೇಕಾಗೇ ಇಲ್ಲ ಅಂತ ತೆಗೆದೇ ಬಿಟ್ರು. ಇನ್ನೊಬ್ರು ರೇಡಿಯೇಟರ್ ತೊಳ್ದು ಕೂಲೆಂಟ್ ಚೇಂಜ್ ಮಾಡಿದ್ರು. ಎರಡೂ ಆದ್ಮೇಲೂ ಅದೇ ಕಥೆ. ಈಗ ಮೂರನೆಯವರು ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸ್ಬೇಕು, ಹದಿನೆಂಟು ಸಾವಿರ ಆಗುತ್ತೆ ಅಂತಿದಾರೆ. ಮಾಡಿಸ್ಲಾ ಬೇಡ್ವಾ?
ಬನಶಂಕರಿ, ಬೆಂಗಳೂರಿನ ಓದುಗರು

ಉತ್ತರ: ಸರ್, ಈಗ್ಲೇ ಹೆಡ್ ಇಳಿಸೋಕೆ ಒಪ್ಕೋಬೇಡಿ. ಹೆಡ್ ಅಂದ್ರೆ ಇಂಜಿನ್ನಿನ ಮೇಲಿನ ಭಾಗ, ಗ್ಯಾಸ್ಕೆಟ್ ಅಂದ್ರೆ ಅದಕ್ಕೂ ಕೆಳಗಿನ ಬ್ಲಾಕಿಗೂ ಮಧ್ಯೆ ಇರೋ ಸೀಲು. ಅದು ಎಲ್ಲ ನೋಡಿ ಮುಗಿದ ಮೇಲೆ ಮಾಡೋ ಕೆಲಸ, ಇನ್ನೂ ನೋಡಬೇಕಾದ್ದನ್ನ ಯಾರೂ ನೋಡೇ ಇಲ್ಲ.

ನೀವು ಬರ್ದಿರೋದನ್ನೇ ಇನ್ನೊಂದ್ಸಲ ಓದಿ. ಸಿಲ್ಕ್ ಬೋರ್ಡಲ್ಲಿ ಏರುತ್ತೆ, ಮೈಸೂರು ದಾರೀಲಿ ಅಲ್ಲಾಡಲ್ಲ. ಪೆಟ್ರೋಲ್ ಉರಿದು ಬರೋ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಕೂಲೆಂಟಿಗೆ (ಇಂಜಿನ್ ತಂಪು ಮಾಡೋಕೆ ಒಳಗೆ ಓಡಾಡೋ ದ್ರವ, ಗ್ಯಾರೇಜ್ ಮಾತಲ್ಲಿ ನೀರು) ಬರುತ್ತೆ, ಹೈವೇಲಿ 80ರಲ್ಲಿ ಹೋಗೋವಾಗ ಇಂಜಿನ್ ಉರಿಸೋ ಪೆಟ್ರೋಲೇ ಜಾಸ್ತಿ, ಹಾಗಾಗಿ ಅಲ್ಲಿ ಶಾಖಾನೂ ಸಿಗ್ನಲ್ಲಲ್ಲಿ ನಿಂತಾಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ವಾಟರ್ ಪಂಪ್ ಕೆಟ್ಟಿದ್ರೆ, ರೇಡಿಯೇಟರ್ (ಆ ದ್ರವದ ಶಾಖಾನ ಗಾಳಿಗೆ ಬಿಡೋ ಜಾಲರಿ) ಒಳಗಿನ ಕೊಳವೆ ಕಟ್ಟಿದ್ರೆ, ಗ್ಯಾಸ್ಕೆಟ್ ಒಡೆದಿದ್ರೆ ಸಾಮಾನ್ಯವಾಗಿ ಅಲ್ಲೇ ಮೊದಲು ಗೊತ್ತಾಗ್ಬೇಕು, ಬಿಡದಿ ದಾಟೋಷ್ಟರಲ್ಲಿ ಮುಳ್ಳು ಎದ್ದಿರ್ಬೇಕು. ಏಳ್ಲಿಲ್ಲ ಅಂದ್ರೆ ನೀರು ಓಡಾಡ್ತಿದೆ, ರೇಡಿಯೇಟರ್ ಶಾಖ ಬಿಡ್ತಾನೂ ಇದೆ. ಹಾಗಾದ್ರೆ ಹೈವೇಲಿ ಇದ್ದು ಸಿಲ್ಕ್ ಬೋರ್ಡಲ್ಲಿ ಇಲ್ಲದೇ ಇರೋದು ಏನು? ಗಾಳಿ. ಗಾಡಿ ಓಡೋವಾಗ ಎದುರುಗಾಳಿ ತಾನಾಗೇ ರೇಡಿಯೇಟರೊಳಗೆ ನುಗ್ಗುತ್ತೆ, ನಿಂತಾಗ ಅಷ್ಟೂ ಕೆಲಸ ಮಾಡೋದು ಹಿಂದಿರೋ ಫ್ಯಾನ್ ಒಂದೇ. ನಿಮ್ಮ ಪತ್ರದಲ್ಲಿ ಮೂರು ಮೆಕ್ಯಾನಿಕ್ ಬಂದಿದಾರೆ, ಫ್ಯಾನ್ ಅನ್ನೋ ಮಾತೇ ಬಂದಿಲ್ಲ.

ನಾಳೆ ಬೆಳಿಗ್ಗೆ ನೀವೇ ನೋಡ್ಬೋದು, ಸ್ಪ್ಯಾನರ್ ಏನೂ ಬೇಡ. ಇಂಜಿನ್ ತಣ್ಣಗಿರೋವಾಗ್ಲೇ ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿ, ಏಸಿ ಹಾಕಿ. ಸ್ವಲ್ಪ ಹೊತ್ತಲ್ಲೇ ಫ್ಯಾನ್ ತಿರುಗ್ಬೇಕು, ಕೆಲವು ಕಾರಲ್ಲಿ ಎರಡು ಫ್ಯಾನ್ ಇರುತ್ತೆ, ಎರಡನ್ನೂ ನೋಡಿ. ಕೈ ಬೆರಳು, ದುಪಟ್ಟಾ, ಸೆರಗು, ಪಂಚೆ ಅಂಚು ಯಾವುದೂ ಅದರ ಹತ್ರ ಹೋಗ್ಬಾರ್ದು, ಈ ಫ್ಯಾನು ಹೇಳದೆ ಕೇಳದೆ ತಿರುಗುತ್ತೆ, ಕೆಲವು ಗಾಡೀಲಿ ಕೀ ತೆಗೆದ್ರೂ ತಿರುಗುತ್ತೆ. ಆಮೇಲೆ ದಿನಪತ್ರಿಕೆಯ ಒಂದು ಹಾಳೆ ತಗೊಂಡು ಮುಂದಿನ ಗ್ರಿಲ್‌ಗೆ ಹಿಡಿದು ಕೈ ಬಿಡಿ. ಒಳ್ಳೆ ಫ್ಯಾನ್ ಆದ್ರೆ ಹಾಳೇನ ಎಳ್ಕೊಂಡು ಗ್ರಿಲ್‌ಗೆ ಅಂಟಿಸಿ ಹಿಡಿಯುತ್ತೆ, ಹಾಳೆ ಬೀಳೋದೇ ಇಲ್ಲ. ಹಾಳೆ ಜಾರಿ ಬಿದ್ರೆ ಗಾಳಿ ಸಾಲ್ದು. ಹಾಳೇನ ಮುಂದಕ್ಕೆ ತಳ್ಳಿದ್ರೆ ಯಾರೋ ಮೋಟರ್ ಹಾಕೋವಾಗ ವೈರು ಅದಲುಬದಲು ಕೊಟ್ಟಿದಾರೆ, ಫ್ಯಾನ್ ಉಲ್ಟಾ ತಿರುಗ್ತಿದೆ. ಅದು ಜೋರಾಗೇ ತಿರುಗ್ತಿರುತ್ತೆ, ನೋಡಿದವರು ಫ್ಯಾನ್ ಚೆನ್ನಾಗಿದೆ ಅಂತಲೇ ಹೇಳ್ತಾರೆ, ಕಾಗದ ಹಿಡಿಯದೆ ಗೊತ್ತಾಗಲ್ಲ.

ತಿರುಗ್ಲೇ ಇಲ್ಲ ಅಂದ್ರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಕೊಡೋ ಸ್ವಿಚ್), ಆಮೇಲೆ ಮೋಟರ್, ಈ ಕ್ರಮದಲ್ಲಿ ನೋಡ್ಸಿ, ಯಾಕಂದ್ರೆ ಖರ್ಚೂ ಇದೇ ಕ್ರಮದಲ್ಲಿ ಏರುತ್ತೆ. ತೊಂಬತ್ತು ಸಾವಿರ ಓಡಿರೋ ಗಾಡೀಲಿ ಮೋಟರ್ ಒಳಗಿನ ಕಾರ್ಬನ್ ಬ್ರಶ್ ಸವೆದಿರೋ ಸಾಧ್ಯತೆ ಚೆನ್ನಾಗೇ ಇದೆ, ಅಂಥಾ ಮೋಟರ್ ಒಂದು ಕಡ್ಡೀಲಿ ರೆಕ್ಕೆ ತಳ್ಳಿದ್ರೆ ತಿರುಗೋಕೆ ಶುರು ಮಾಡುತ್ತೆ, ಇಲ್ಲಾಂದ್ರೆ ನಿಂತೇ ಇರುತ್ತೆ, ಒಂದು ದಿನ ಸರಿ ಒಂದು ದಿನ ಇಲ್ಲ ಅಂತ ಆಟ ಆಡ್ಸುತ್ತೆ. ಏಸಿ ಹಾಕಿದಾಗ ತಿರುಗಿ, ಏಸಿ ಆಫ್ ಮಾಡಿ ಇಂಜಿನ್ ಕಾದಾಗ ತಿರುಗದೇ ಇದ್ರೆ ಮೋಟರ್ ಸಾಮಾನ್ಯವಾಗಿ ಸರಿ ಇರುತ್ತೆ, ಅದಕ್ಕೆ ಶಾಖ ತಿಳ್ಸೋ ಸೆನ್ಸರ್ರೋ ಸ್ವಿಚ್ಚೋ ಹೋಗಿರ್ಬೋದು. ಸಾಮಾನ್ಯವಾಗಿ 95 ಡಿಗ್ರಿ ಆಸುಪಾಸಲ್ಲಿ ಫ್ಯಾನ್ ಆನ್ ಆಗ್ಬೇಕು. ಈ ಹಂತದಲ್ಲಿ ಕೆಲವು ಗ್ಯಾರೇಜಲ್ಲಿ ಫ್ಯಾನ್ ಡೈರೆಕ್ಟ್ ಮಾಡ್ಕೊಡ್ತೀವಿ ಅಂತಾರೆ, ಕೀ ಆನ್ ಮಾಡಿದ್ರೆ ಸಾಕು ಫ್ಯಾನ್ ತಿರುಗ್ತಾನೇ ಇರೋ ಹಾಗೆ. ರಾತ್ರಿ ಮನೆ ಸೇರೋಕೆ ಅದು ಆಗುತ್ತೆ, ಅಷ್ಟಕ್ಕೆ ಮಾತ್ರ ಇಟ್ಕೊಳಿ. ಅದನ್ನೇ ಪರ್ಮನೆಂಟ್ ಮಾಡ್ಬೇಡಿ, ಮೋಟರ್ ಬೇಗ ಸವೆಯುತ್ತೆ, ಫ್ಯೂಸ್ ಇಲ್ಲದೆ ಎಳೆದ ವೈರು ಬಿಸಿಯಾಗಿ ಸುಟ್ಟಿದ್ದನ್ನೂ ನೋಡಿದೀನಿ.

ಫ್ಯಾನ್ ಚೆನ್ನಾಗಿದ್ರೂ ಗಾಳಿ ಸಾಲ್ದೆ ಇರ್ಬೋದು, ಇದಕ್ಕೆ ಎರಡು ಜಾಗ ನೋಡಿ. ಒಂದು, ಫ್ಯಾನ್ ಸುತ್ತ ಇರೋ ಪ್ಲಾಸ್ಟಿಕ್ ಕವಚ. ಗಾಡಿ ಎಂದಾದ್ರೂ ಮುಂದೆ ಗುದ್ದಿಸಿ ರಿಪೇರಿ ಮಾಡ್ಸಿದ್ರೆ ಅದನ್ನ ವಾಪಸ್ ಹಾಕದೇ ಬಿಟ್ಟಿರ್ತಾರೆ, ಆಗ ಫ್ಯಾನು ರೇಡಿಯೇಟರ್ ಮೂಲಕ ಎಳೆಯೋ ಬದಲು ಅಕ್ಕಪಕ್ಕದ ಬಿಸಿಗಾಳೀನೇ ಮತ್ತೆ ಮತ್ತೆ ಸುತ್ತಿಸುತ್ತೆ. ಇನ್ನೊಂದು ಜಾಗ ಹೊರಗಿಂದ ಕಾಣಲ್ಲ. ರೇಡಿಯೇಟರ್ ಮುಂದೆ ಏಸಿ ಕಂಡೆನ್ಸರ್ (ಏಸಿಯ ಬಿಸಿ ಹೊರಗೆ ಬಿಡೋ ಜಾಲರಿ) ಇದೆಯಲ್ಲ, ಅವೆರಡರ ಮಧ್ಯೆ ಬೆರಳು ಹೋಗೋಷ್ಟು ಸಂದು. ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಒಂದು ಕಾರು ಇದೇ ಕಂಪ್ಲೇಂಟಲ್ಲಿ ಬಂದಿತ್ತು, ಹೊಸ ಫ್ಯಾನ್ ಮೋಟರ್ ಹಾಕ್ಸಿದ್ರು, ಮುಂದೆಯಿಂದ ನೋಡಿದ್ರೆ ಕಂಡೆನ್ಸರ್ ಫಳಫಳ ಅಂತಿದೆ. ಬೋಲ್ಟ್ ಬಿಚ್ಚಿ ಎರಡನ್ನೂ ಬೇರೆ ಮಾಡಿದಾಗ ರೇಡಿಯೇಟರ್ ಮುಖದ ಮೇಲೆ ಕಂಬಳಿ ಹೊದ್ಸಿದ ಹಾಗೆ ಧೂಳು, ಸತ್ತ ಹುಳ, ಬೂರುಗದ ಹತ್ತಿ, ನಡುವೆ ಚಾಕೊಲೇಟ್ ಕವರ್ ಒಂದು. ಅಂಚಲ್ಲಿ ಹಿಡಿದು ಎಳೆದ್ರೆ ಆ ಕಂಬಳಿ ಅರ್ಧ ಭಾಗ ಹಾಗೇ ಒಂದೇ ತುಂಡಾಗಿ ಕಳಚ್ಕೊಂಡು ಬಂತು. ಬೆಳಕಿಗೆ ಹಿಡಿದ್ರೆ ಆಚೆ ಕಡೆ ಕಾಣ್ತಿರ್ಲಿಲ್ಲ. ತೊಳ್ದು ಹಾಕಿದ್ವಿ, ಬೇರೇನೂ ಮಾಡ್ಲಿಲ್ಲ, ಆ ಗಾಡಿ ಮತ್ತೆ ಹೀಟ್ ಆಗಿಲ್ಲ. ನಿಮ್ಮ ರೇಡಿಯೇಟರ್ ತೊಳ್ದಿದಾರೆ ಅಂತ ಬರ್ದಿದೀರ, ಒಳಗೆ ಫ್ಲಶ್ ಮಾಡಿದ್ದೋ ಹೊರಗೆ ತೊಳ್ದಿದ್ದೋ ಕೇಳಿ, ಎರಡೂ ಬೇರೆ ಬೇರೆ ಕೆಲಸ. ಹೊರಗೆ ತೊಳೆಯೋವಾಗ ಇಂಜಿನ್ ಕಡೆಯಿಂದ ಮುಂದಕ್ಕೆ, ತೋಟಕ್ಕೆ ನೀರು ಬಿಡೋ ಪೈಪಿನ ಒತ್ತಡ ಸಾಕು, ಕಾರ್ ವಾಶ್ ಗನ್ ಹತ್ರ ಹಿಡಿದ್ರೆ ರೇಡಿಯೇಟರಿನ ತೆಳ್ಳನೆ ಲೋಹದ ರೆಕ್ಕೆಗಳೆಲ್ಲ ಮಡಚ್ಕೊಂಡು ಇರೋ ದಾರೀನೂ ಮುಚ್ಚಿಹೋಗುತ್ತೆ.

ಥರ್ಮೋಸ್ಟಾಟ್ ವಾಪಸ್ ಹಾಕ್ಸಿ, ದಯವಿಟ್ಟು. ನಮ್ಮೂರಿಗೆ ಬೇಡ ಅನ್ನೋ ಮಾತು ನಾನು ಗ್ಯಾರೇಜಿಗೆ ಸೇರಿದ ದಿನದಿಂದ ಕೇಳ್ತಾ ಬಂದಿದೀನಿ, ಅದು ತಪ್ಪು. ಅದರೊಳಗೆ ಮೇಣ ಇರುತ್ತೆ, ಸುಮಾರು 82 ಡಿಗ್ರಿಗೆ ಮೇಣ ಕರಗಿ ಹಿಗ್ಗಿ ಬಾಗಿಲು ತೆಗೆಯುತ್ತೆ, ಅಲ್ಲೀತನಕ ನೀರನ್ನ ಇಂಜಿನ್ನಲ್ಲೇ ಇಟ್ಟು ಬೇಗ ಬೆಚ್ಚಗೆ ಮಾಡುತ್ತೆ. ತೆಗೆದ್ರೆ ಇಂಜಿನ್ ಎಷ್ಟೋ ಹೊತ್ತು ತಣ್ಣಗೇ ಓಡುತ್ತೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಸವೆತಾನೂ ಜಾಸ್ತಿ. ಇನ್ನೊಂದಿದೆ, ಕೆಲವು ಇಂಜಿನ್ನಲ್ಲಿ ಥರ್ಮೋಸ್ಟಾಟ್ ರೇಡಿಯೇಟರ್ ಬಾಗಿಲು ತೆಗೆಯೋವಾಗ್ಲೇ ಬೈಪಾಸ್ ದಾರಿ ಮುಚ್ಚುತ್ತೆ, ಅದನ್ನ ಕಿತ್ತುಹಾಕಿದ್ರೆ ಬಿಸಿನೀರಲ್ಲಿ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ತಿರುಗಿ ಇಂಜಿನ್ನಿಗೇ ಬರುತ್ತೆ. ಅಂದ್ರೆ ಹೀಟ್ ಕಮ್ಮಿ ಮಾಡೋಕೆ ಅಂತ ತೆಗೆದದ್ದು ಹೀಟ್ ಜಾಸ್ತಿ ಮಾಡ್ತಿರ್ಬೋದು.

ರೇಡಿಯೇಟರ್ ಮುಚ್ಚಳಾನೂ ಬದಲಾಯಿಸಿಬಿಡಿ, ಇನ್ನೂರು ಮುನ್ನೂರರ ಮಾತು, ಇದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ. ಅದರ ಮೇಲೆ 0.9 ಅಂತಲೋ 1.1 ಅಂತಲೋ ಬರ್ದಿರುತ್ತೆ, ಹೊರಗಿನ ಗಾಳಿ ಒತ್ತಡದ ಮೇಲೆ ಅಷ್ಟು ಬಾರ್ (ಒತ್ತಡದ ಅಳತೆ) ಹೆಚ್ಚು ಒತ್ತಡ ಹಿಡಿದಿಡೋದು ಅದರ ಕೆಲಸ. ಮನೇಲಿ ಕುಕ್ಕರ್ ಇದೆಯಲ್ಲ, ಅದೇ ಲೆಕ್ಕ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ತೆರೆದ ಪಾತ್ರೇಲಿ ನೀರು 97 ಡಿಗ್ರಿಗೇ ಕುದಿಯುತ್ತೆ, ಅದೇ ನೀರು 0.9 ಮುಚ್ಚಳದ ಕೆಳಗೆ 115 ದಾಟೋ ತನಕ ಕುದಿಯಲ್ಲ, ಕೂಲೆಂಟ್ ಬೆರೆಸಿದ್ರೆ ಇನ್ನೂ ಮೇಲೆ. ಕುಕ್ಕರ್ ಗ್ಯಾಸ್ಕೆಟ್ ಹಳೇದಾದ್ರೆ ಅಂಚಲ್ಲಿ ಹಬೆ ಸೋರಿ ಸೀಟಿ ಬರಲ್ಲ ಅಲ್ವಾ, ಹಾಗೇ ಈ ಮುಚ್ಚಳದ ರಬ್ಬರ್ ಗಟ್ಟಿಯಾದ್ರೆ ಒತ್ತಡ ನಿಲ್ಲಲ್ಲ, ಟ್ರಾಫಿಕ್ಕಲ್ಲಿ ನಿಂತಾಗ ನೀರು ಬೇಗ ಕುದ್ದು ಪಕ್ಕದ ಡಬ್ಬಕ್ಕೆ ಉಕ್ಕುತ್ತೆ.

ಇನ್ನು ಗ್ಯಾಸ್ಕೆಟ್. ಅದು ಹೋಗಿಲ್ಲ ಅಂತ ಇಲ್ಲಿ ಕೂತ್ಕೊಂಡು ನಾನು ಹೇಳೋಕಾಗಲ್ಲ, ಯಾಕಂದ್ರೆ ಇಷ್ಟು ದಿನ ಹೀಟಲ್ಲೇ ಓಡಿಸಿದೀರ. ಆದ್ರೆ ಹೋಗಿದೆ ಅನ್ನೋರು ತೋರಿಸ್ಬೇಕು. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಎಳೆದು ನೋಡಿ, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ಯಾ? ಎಲ್ಲೂ ಸೋರಿದ ಗುರುತಿಲ್ಲದೆ ಕೂಲೆಂಟ್ ಕಮ್ಮಿ ಆಗ್ತಿದ್ಯಾ? ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಸೈಲೆನ್ಸರಲ್ಲಿ ದಟ್ಟ ಬಿಳಿ ಹೊಗೆ ಬರ್ತಿದ್ಯಾ? ಬೆಳಿಗ್ಗೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೇ ರೇಡಿಯೇಟರಿನ ಮೇಲಿನ ಹೋಸ್ (ರಬ್ಬರ್ ಪೈಪು) ಕಲ್ಲಿನ ಹಾಗೆ ಗಟ್ಟಿ ಆಗುತ್ತಾ, ನೀರಿನ್ನೂ ಬಿಸಿಯಾಗದೆ? ಇದ್ಯಾವುದೂ ಇಲ್ಲಾಂದ್ರೆ ಹದಿನೆಂಟು ಸಾವಿರ ಜೇಬಲ್ಲೇ ಇರ್ಲಿ. ಆದ್ರೂ ಅನುಮಾನ ಇದ್ರೆ ಒಂದು ಟೆಸ್ಟ್ ಇದೆ, ರೇಡಿಯೇಟರ್ ಬಾಯಿಗೆ ಒಂದು ಗಾಜಿನ ಕೊಳವೆ ಇಟ್ಟು ಒಳಗಿನ ಗಾಳೀನ ನೀಲಿ ದ್ರವದ ಮೂಲಕ ಎಳೀತಾರೆ, ಇಂಜಿನ್ ಹೊಗೆ ನೀರಿಗೆ ಬರ್ತಿದ್ರೆ ಪೆಟ್ರೋಲ್ ಗಾಡೀಲಿ ಆ ನೀಲಿ ಹಳದಿಗೆ ತಿರುಗುತ್ತೆ. ಹೆಡ್ ಇಳಿಸೋ ಮಾತು ಆಡೋ ಗ್ಯಾರೇಜಲ್ಲಿ ಈ ಟೆಸ್ಟ್ ಮಾಡ್ತೀರಾ ಅಂತ ಕೇಳೋ ಹಕ್ಕು ನಿಮಗಿದೆ.

ಇದೆಲ್ಲ ಸರಿಹೋಗೋ ತನಕ ನೀವು ಆಫೀಸಿಗೆ ಹೋಗಲೇಬೇಕು, ಅದೂ ಗೊತ್ತು. ಮುಳ್ಳು ಅರ್ಧ ದಾಟಿದ ತಕ್ಷಣ ಏಸಿ ಆಫ್ ಮಾಡಿ, ಕಂಡೆನ್ಸರ್ ಬಿಡೋ ಬಿಸಿ ಎಲ್ಲ ನೇರ ರೇಡಿಯೇಟರ್ ಮುಖಕ್ಕೇ ಬರೋದು. ಕಿಟಕಿ ಇಳಿಸಿ, ಹೀಟರ್ ನಾಬ್ ಪೂರ್ತಿ ಕೆಂಪಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ. ಬೇಸಿಗೇಲಿ ಇದೇನು ಅನ್ಸುತ್ತೆ, ಬೆವರು ಕಿತ್ಕೊಂಡು ಬರುತ್ತೆ, ಆದ್ರೆ ಹೀಟರ್ ಅನ್ನೋದು ಡ್ಯಾಶ್‌ಬೋರ್ಡ್ ಹಿಂದಿರೋ ಇನ್ನೊಂದು ಪುಟ್ಟ ರೇಡಿಯೇಟರ್, ಅದಕ್ಕೆ ತನ್ನದೇ ಫ್ಯಾನ್ ಇದೆ. ಇಂಜಿನ್ನಿನ ಶಾಖ ನಿಮ್ಮ ಮುಖದ ಮೂಲಕ ಆಚೆ ಹೋಗುತ್ತೆ, ಹೆಡ್ ಉಳಿಯುತ್ತೆ. ಸಿಗ್ನಲ್ಲಲ್ಲಿ ನ್ಯೂಟ್ರಲ್ ಮಾಡಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ 1,500 ಆರ್‌ಪಿಎಂ ಹತ್ರ ಇಟ್ರೆ ಪಂಪ್ ಜೋರಾಗಿ ನೀರು ತಿರುಗಿಸುತ್ತೆ. ಎರಡು ನಿಮಿಷದಲ್ಲಿ ಮುಳ್ಳು ಇಳಿಯೋಕೆ ಶುರು ಆಗ್ಲಿಲ್ವಾ, ಎಡಕ್ಕೆ ಹಾಕಿ, ಹಜಾರ್ಡ್ ಲೈಟ್ ಹಾಕಿ, ಆಫ್ ಮಾಡಿ. ಇನ್ನೊಂದೇ ಕಿಲೋಮೀಟರ್ ಇದೆ ಅಂತ ಓಡಿಸ್ಬೇಡಿ. ನಾನು ಇಳಿಸಿರೋ ಹೆಡ್‌ಗಳಲ್ಲಿ ಹೆಚ್ಚಿನವು ಬೆಂಡ್ ಆಗಿದ್ದು ಆ ಒಂದು ಕಿಲೋಮೀಟರಲ್ಲೇ, ಅಲ್ಯೂಮಿನಿಯಂ ಹೆಡ್ ಅದು, ಕುದಿಯೋ ನೀರಿರೋ ತನಕ ಹೇಗೋ ತಡ್ಕೊಳುತ್ತೆ, ನೀರು ಹಬೆಯಾಗಿ ಹೋದ್ಮೇಲೆ ನಿಮಿಷಗಳ ಲೆಕ್ಕ.

ಮುಳ್ಳಿನ ಬಗ್ಗೆ ಒಂದು ಎಚ್ಚರ. ಹೆಚ್ ಹತ್ರ ಇದ್ದದ್ದು ಸಡನ್ನಾಗಿ ಕೆಳಗೆ ಬಿದ್ರೆ ಸಮಾಧಾನ ಪಡ್ಬೇಡಿ. ನೀರು ಖಾಲಿಯಾಗಿ ಸೆನ್ಸರ್ ಒಣಗಿದ್ರೆ ಅದು ಸುಳ್ಳು ಹೇಳುತ್ತೆ, ಇಂಜಿನ್ ಸುಡ್ತಿದ್ರೂ ಮುಳ್ಳು ಕೆಳಗೇ ಇರುತ್ತೆ.

ಆಫ್ ಮಾಡಿದ ಮೇಲೆ ಮುಚ್ಚಳಕ್ಕೆ ಕೈ ಹಾಕ್ಬೇಡಿ. 1996ರಲ್ಲಿ ನಾನು ಗ್ಯಾರೇಜಲ್ಲಿ ಹುಡುಗ, ಹೊಸದಾಗಿ ಸೇರಿದ್ದೆ. ಗಾಡಿ ಬಂದು ಹತ್ತು ನಿಮಿಷ ಆಗಿತ್ತು, ಹಬೆ ನಿಂತಿತ್ತು, ಆರಿದೆ ಅಂದ್ಕೊಂಡು ಬಟ್ಟೆ ಸುತ್ಕೊಂಡು ಮುಚ್ಚಳ ತಿರುಗಿಸ್ದೆ. ಮೊದಲನೇ ತಿರುವಿಗೆ ಸುಯ್ ಅಂತು, ಎರಡನೇದಕ್ಕೆ ಮುಚ್ಚಳ ಕೈಯಿಂದ ಹಾರಿಹೋಗಿ ನೀರು ಕಂಬದ ಹಾಗೆ ಎದ್ದು ಬಲಗೈ ಮೇಲೆ ಬಿತ್ತು. ಮಣಿಕಟ್ಟಿಂದ ಮೊಣಕೈ ತನಕ ಚರ್ಮ ಕಾಯಿಸಿದ ಹಾಲಿನ ಕೆನೆ ಥರ ಸರಿದು ಬಂತು, ಆ ಗುರುತು ಇವತ್ತಿಗೂ ಇದೆ. ಯಾಕೆ ಹೀಗಾಗುತ್ತೆ ಅಂದ್ರೆ ಒಳಗೆ 110 ಡಿಗ್ರೀಲಿರೋ ನೀರು ಒತ್ತಡಕ್ಕೆ ಸುಮ್ಮನಿರುತ್ತೆ, ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ಅದರಲ್ಲೊಂದು ಪಾಲು ಒಮ್ಮೆಲೇ ಹಬೆ ಆಗುತ್ತೆ, ನೀರು ಹಬೆಯಾದ್ರೆ ಸುಮಾರು 1,600 ಪಟ್ಟು ಹಿಗ್ಗುತ್ತೆ, ಅದಕ್ಕೆ ಹೋಗೋಕೆ ಇರೋದು ಆ ಒಂದೇ ಬಾಯಿ. ಕಮ್ಮಿ ಅಂದ್ರೂ ಮುಕ್ಕಾಲು ಗಂಟೆ ಕಾಯಿರಿ, ಮೇಲಿನ ಹೋಸ್ ಕೈಯಲ್ಲಿ ಹಿಸುಕಿದ್ರೆ ಮೆತ್ತಗೆ, ಉಗುರುಬೆಚ್ಚಗೆ ಇರ್ಬೇಕು, ಆಮೇಲೆ ಮುಚ್ಚಳ.

ಪ್ರಶ್ನೆ: ನಮ್ಮ ಕಾರಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ. ಬೆಳಿಗ್ಗೆ ನೀಲಿ ಲೈಟ್ ಬಂದು ಹೋಗುತ್ತೆ, ಅದೇನು ಅಂತ ಗೊತ್ತಿಲ್ಲ. ಮೊನ್ನೆ ನಂತೂರು ಸರ್ಕಲ್ಲಲ್ಲಿ ಬ್ಲಾಕ್ ಆದಾಗ ಅದೇ ಜಾಗದಲ್ಲಿ ಕೆಂಪು ಬಂತು, ಮುಂದೆ ಹೋದ್ಮೇಲೆ ಹೋಯ್ತು. ಇನ್ನೊಂದು, ಕೆಲವು ವಾರದಿಂದ ಕಾರೊಳಗೆ ಒಂಥರಾ ಸಿಹಿ ವಾಸನೆ, ಒಳಗಿಂದ ಗಾಜಿನ ಮೇಲೆ ಜಿಡ್ಡು, ಎಷ್ಟು ಒರೆಸಿದ್ರೂ ಬರುತ್ತೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?
ಮಂಗಳೂರಿನ ಓದುಗರು

ಉತ್ತರ: ಇದೆ ಮೇಡಂ, ಎರಡನ್ನೂ ಒಟ್ಟಿಗೆ ಬರೆದದ್ದು ತುಂಬಾ ಒಳ್ಳೇದಾಯ್ತು. ನೀಲಿ ಅಂದ್ರೆ ಇಂಜಿನ್ ಇನ್ನೂ ತಣ್ಣಗಿದೆ, ಅದು ಹೋಗೋ ತನಕ ಮೆಲ್ಲಗೆ ಓಡಿಸಿದ್ರೆ ಸಾಕು, ನಿಂತು ಕಾಯೋದು ಬೇಡ. ಕೆಂಪು ಅಂದ್ರೆ ಮಿತಿ ಮೀರಿದೆ, ಮುಳ್ಳಿದ್ರೆ ಏರೋದು ಕಾಣ್ತಿತ್ತು, ಇಲ್ಲಿ ಕೊನೇ ಘಳಿಗೇಲಿ ಒಂದೇ ಸಲ ಹೇಳುತ್ತೆ, ಹಾಗಾಗಿ ಕೆಂಪು ಬಂದ್ರೆ ಸುರಕ್ಷಿತವಾಗಿ ನಿಲ್ಲಿಸೋಕೆ ಜಾಗ ಸಿಕ್ಕಿದ ಕೂಡ್ಲೇ ನಿಲ್ಲಿಸ್ಬೇಕು.

ಆ ಸಿಹಿ ವಾಸನೆ ಕೂಲೆಂಟಿಂದು. ಡ್ಯಾಶ್‌ಬೋರ್ಡ್ ಹಿಂದಿರೋ ಹೀಟರ್ ಕಾಯಿಲ್ ಸೋರ್ತಿರೋ ಹಾಗಿದೆ, ಅದರ ಹಬೆನೇ ಗಾಜಿಗೆ ಜಿಡ್ಡಾಗಿ ಕೂರೋದು. ಮುಂದಿನ ಎಡಗಡೆ ಸೀಟಿನ ಕಾಲ ಹತ್ರ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿ. ಬರೀ ನೀರಾದ್ರೆ ಏಸಿ ಡ್ರೈನ್ ಕಟ್ಟಿದೆ ಅಷ್ಟೇ, ಮಂಗಳೂರಿನ ಸೆಕೆಗೆ ಅದು ಮಾಮೂಲಿ. ಬೆರಳಿಗೆ ಜಾರು ಜಾರಾಗಿ ಬಣ್ಣ ಹತ್ತಿದ್ರೆ ಕೂಲೆಂಟ್. ನೆಲದ ಮೇಲೆ ಒಂದು ಹನಿಯೂ ಬೀಳದೆ ಒಳಗೇ ಸೋರಿ ಲೆವೆಲ್ ಇಳಿದಿರುತ್ತೆ, ಅದಕ್ಕೇ ಕೆಂಪು ಬಂದಿದ್ದು. ಕಾಯಿಲ್ ಬದಲಾಯಿಸೋಕೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗ್ಬೋದು, ಎರಡು ದಿನದ ಕೆಲಸ. ಅಲ್ಲಿಯವರೆಗೆ ಹೀಟರ್‌ಗೆ ಹೋಗೋ ಎರಡು ಹೋಸನ್ನ ಇಂಜಿನ್ ಕಡೇಲೇ ಸೇರಿಸಿ ಬೈಪಾಸ್ ಮಾಡ್ಸಿ, ಅರ್ಧ ಗಂಟೇಲಿ ಆಗುತ್ತೆ, ನಿಮ್ಮೂರಲ್ಲಿ ಹೀಟರ್ ಇಲ್ಲದೆ ನಡೆಯುತ್ತೆ. ಆದ್ರೆ ನಾಳೆ ಗಾಡಿ ತೆಗೆಯೋ ಮೊದಲೇ, ತಣ್ಣಗಿರೋವಾಗ, ಕೂಲೆಂಟ್ ಲೆವೆಲ್ ನೋಡಿ.

ಪ್ರಶ್ನೆ: ನಮಸ್ಕಾರ ಅಣ್ಣಾರ, ನಂದು ಡೀಜೆಲ್ ಟ್ಯಾಕ್ಸಿ ಅದ. ಬ್ಯಾಸಗ್ಯಾಗ ಸ್ಟ್ಯಾಂಡ್ ಹತ್ರ ಟ್ರಾಫಿಕ್‌ನ್ಯಾಗ ನಿಂತ್ರ ಹೀಟ್ ಆಗ್ತದ್ರಿ. ಕೂಲೆಂಟ್ ತುಟ್ಟಿ ಅಂತ ಬೋರ್ ನೀರs ಹಾಕ್ತೀನ್ರಿ. ನಮ್ಮಲ್ಲೇನ್ ಹಿಮ ಬೀಳ್ತದ? ಕೂಲೆಂಟ್ ಯಾಕ ಬೇಕ್ರಿ?
ಕಲಬುರಗಿಯ ಓದುಗರು

ಉತ್ತರ: ಅಣ್ಣಾರ, ಹಿಮಕ್ಕಲ್ಲ, ನಿಮ್ಮ ಬಿಸಿಲಿಗೇ ಅದು ಬೇಕಾಗೋದು. ನೆರಳಲ್ಲೇ 42 ಡಿಗ್ರಿ ಇರೋ ಊರಲ್ಲಿ ರೇಡಿಯೇಟರ್‌ಗೆ ಬರೋ ಗಾಳೀನೇ ಕಾದಿರುತ್ತೆ, ಡಾಂಬರಿನ ಮೇಲೆ ಇನ್ನೂ ಜಾಸ್ತಿ. ಕೂಲೆಂಟ್ ಅರ್ಧ, ನೀರು ಅರ್ಧ ಹಾಕಿದ್ರೆ ಕುದಿಯೋ ಮಟ್ಟ ಮೇಲಕ್ಕೆ ಹೋಗುತ್ತೆ, ಅಲ್ಲದೆ ಅದರಲ್ಲಿ ತುಕ್ಕು ಹಿಡಿಯದ ಹಾಗೆ ಕಾಯೋ ಮದ್ದಿದೆ, ಪಂಪಿನ ಸೀಲೂ ಬಾಳಿಕೆ ಬರುತ್ತೆ.

ಬೋರ್ ನೀರು ಏನು ಮಾಡುತ್ತೆ ಅಂತ ನಿಮ್ಮ ಮನೇಲೇ ನೋಡ್ಬೋದು, ನೀರು ಕಾಯಿಸೋ ಹಂಡೆ ಒಳಗೆ, ಗೀಸರ್ ಕಾಯಿಲ್ ಮೇಲೆ ಬಿಳಿ ಸುಣ್ಣದ ಪದರ ಕಟ್ಟಿರುತ್ತಲ್ಲ, ಅದೇ ಪದರ ರೇಡಿಯೇಟರ್ ಕೊಳವೆ ಒಳಗೂ ಕಟ್ಟುತ್ತೆ, ಇಂಜಿನ್ ಬ್ಲಾಕ್ ಒಳಗೂ ಕಟ್ಟುತ್ತೆ. ಆ ಕೊಳವೆಗಳು ಎಷ್ಟು ತೆಳ್ಳಗೆ ಅಂದ್ರೆ ಸಣ್ಣ ಪದರ ಸಾಕು ದಾರಿ ಮುಚ್ಚೋಕೆ, ಸುಣ್ಣ ಶಾಖಾನೂ ದಾಟೋಕೆ ಬಿಡಲ್ಲ. ಒಂದು ಸಲ ಚೆನ್ನಾಗಿ ಫ್ಲಶ್ ಮಾಡ್ಸಿ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಬಂಕಲ್ಲೇ ಸಿಗುತ್ತೆ, ಕೂಲೆಂಟನ್ನ ಅದರ ಜೊತೆ ಬೆರೆಸಿ ಹಾಕಿ. ಹಸಿರಾ ಕೆಂಪಾ ಅಂತ ಬಣ್ಣ ನೋಡಿ ತಗೋಬೇಡಿ, ಬಣ್ಣಕ್ಕೆ ಕಾಯ್ದೆ ಇಲ್ಲ, ಕಂಪನಿಗೊಂದು ಬಣ್ಣ, ಗಾಡಿ ಪುಸ್ತಕದಲ್ಲಿ ಯಾವ ಟೈಪ್ ಅಂತ ಬರ್ದಿರುತ್ತೆ, ಅದನ್ನೇ ಹಾಕಿ, ಎರಡು ಟೈಪ್ ಬೆರೆಸ್ಬೇಡಿ. ನಿಮ್ಮ ಗಾಡೀಲಿ ಫ್ಯಾನು ಬೆಲ್ಟಲ್ಲಿ ತಿರುಗೋದಾದ್ರೆ ಬೆಲ್ಟ್ ಬಿಗಿ ಇದೆಯಾ, ಫ್ಯಾನಿನ ನಡುವೆ ಇದ್ದು ಬಿಸಿಯಾದಾಗ ಅದನ್ನ ಹಿಡಿದು ತಿರುಗಿಸೋ ವಿಸ್ಕಸ್ ಕ್ಲಚ್ ಹಿಡೀತಿದ್ಯಾ ಅದನ್ನೂ ನೋಡ್ಸಿ. ಗಾಡಿ ಪೂರ್ತಿ ಬಿಸಿಯಾದಾಗ ಆಫ್ ಮಾಡಿದ್ರೆ ಫ್ಯಾನ್ ಬೇಗ ನಿಲ್ಬೇಕು, ಹಿಡಿತ ಇಲ್ಲದೆ ಗಿರಗಿರ ಅಂತ ತುಂಬಾ ಹೊತ್ತು ತಿರುಗ್ತಿದ್ರೆ ಕ್ಲಚ್ ಹೋಗಿದೆ.

ಒಂದು ಮಾತು ಮರೀಬೇಡಿ, ಉಳಿದ ಕೂಲೆಂಟನ್ನ ಕುಡಿಯೋ ನೀರಿನ ಬಾಟ್ಲೀಲಿ ತುಂಬಿಸಿ ಡಿಕ್ಕೀಲಿ ಇಡ್ಬೇಡಿ, ನೆಲದ ಮೇಲೆ ಚೆಲ್ಲಿ ಬಿಡ್ಬೇಡಿ. ಸಾಮಾನ್ಯವಾಗಿ ಅದರಲ್ಲಿರೋ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತೆ, ಆದ್ರೆ ವಿಷ, ಕಿಡ್ನಿ ತೆಗೆದುಬಿಡುತ್ತೆ. ಮಕ್ಕಳು ಬಾಯಿಗೆ ಹಾಕ್ಕೊಳ್ತಾರೆ, ನಾಯಿ ನೆಕ್ಕುತ್ತೆ.

ಪ್ರಶ್ನೆ: ಕಾರ್ ಆಫ್ ಮಾಡಿ ಲಾಕ್ ಮಾಡಿದ ಮೇಲೂ ಫ್ಯಾನ್ ಸುಂಯ್ ಅಂತ ತಿರುಗ್ತಿರುತ್ತೆ. ಬ್ಯಾಟರಿ ಹೋಗುತ್ತಾ?
ಮೈಸೂರಿನ ಓದುಗರು

ಉತ್ತರ: ಇಂಜಿನ್ ನಿಂತ್ರೆ ಪಂಪೂ ನಿಲ್ಲುತ್ತೆ, ಒಳಗಿನ ಶಾಖ ಹಾಗೇ ಇರುತ್ತೆ, ಅದಕ್ಕೆ ಕೆಲವು ಕಾರುಗಳಲ್ಲಿ ಫ್ಯಾನ್ ಸ್ವಲ್ಪ ಹೊತ್ತು ತಿರುಗೋ ಹಾಗೆ ಮಾಡಿರ್ತಾರೆ. ಕೆಲವು ನಿಮಿಷದಲ್ಲಿ ನಿಂತ್ರೆ ಯೋಚನೆ ಬೇಡ. ಬೆಳಿಗ್ಗೆ ತಣ್ಣಗಿರೋ ಗಾಡೀಲೂ ಫ್ಯಾನ್ ತಿರುಗ್ತಿದ್ರೆ ರಿಲೇ ಅಂಟ್ಕೊಂಡಿದೆ, ಬದಲಾಯಿಸಿ.

ಪ್ರಶ್ನೆ: ನಮ್ಮಪ್ಪ ಹಿಂದೆ ಅಂಬಾಸಿಡರ್ ಓಡಿಸ್ತಿದ್ರು. ಶಿರಾಡಿ ಘಾಟಿ ಹತ್ತೋವಾಗ ಹೀಟ್ ಆದ್ರೆ ತೊರೆ ಹತ್ರ ನಿಲ್ಲಿಸಿ ಕೊಡ ತುಂಬಿಸ್ಕೊಂಡು ಬಂದು ಇಂಜಿನ್ ಮೇಲೇ ಹೊಯ್ದು ಆಮೇಲೆ ಒಳಗೂ ಹಾಕ್ತಿದ್ರು, ಏನೂ ಆಗ್ತಿರ್ಲಿಲ್ಲ. ಈಗ ಘಾಟೀಲಿ ಲಾರಿಗಳ ಹಿಂದೆ ಗಂಟೆಗಟ್ಲೆ ನಿಂತಾಗ ನಮ್ಮ ಹೊಸ ಕಾರಿಗೂ ಹಾಗೇ ಮಾಡ್ಬೇಕು ಅಂತಾರೆ. ಅವರಿಗೆ ಹೇಗೆ ಹೇಳೋದು?
ಸಕಲೇಶಪುರದ ಓದುಗರು

ಉತ್ತರ: ಅಪ್ಪ ಮಾಡಿದ್ದು ಆ ಕಾಲಕ್ಕೆ, ಆ ಗಾಡಿಗೆ ನಡೀತು, ಅವರ ಗಾಡೀಲಿದ್ದದ್ದು ದಪ್ಪ ಎರಕದ ಕಬ್ಬಿಣದ ಇಂಜಿನ್ ಆಗಿದ್ರೆ ಅದು ತಡ್ಕೊಂಡಿರುತ್ತೆ, ಅದಕ್ಕೂ ಬಿರುಕು ಬಿಡೋ ಅಪಾಯ ಇದ್ದೇ ಇತ್ತು. ಈಗಿನ ಹೆಡ್ ಅಲ್ಯೂಮಿನಿಯಂ, ಕಾದಾಗ ತುಂಬಾ ಹಿಗ್ಗಿರುತ್ತೆ, ತೊರೆ ನೀರು ಬಿದ್ರೆ ಬಿದ್ದ ಜಾಗ ಮಾತ್ರ ಕುಗ್ಗಿ ಹೆಡ್ ತಿರುಚುತ್ತೆ, ಬಿರುಕೂ ಬಿಡ್ಬೋದು. ಒಲೆ ಮೇಲೆ ಕಾದ ಗಾಜಿನ ಪಾತ್ರೆಗೆ ತಣ್ಣೀರು ಹೊಯ್ಯಲ್ಲ ಅಲ್ವಾ ಅಪ್ಪ, ಇದೂ ಹಾಗೇ ಅಂತ ಹೇಳಿ, ಅಷ್ಟು ವರ್ಷ ಆ ಘಾಟಿ ಹತ್ತಿಸಿದವರಿಗೆ ಅರ್ಥ ಆಗುತ್ತೆ. ಅಂಬಾಸಿಡರ್ ಓಡಿಸಿದವರಿಗೆ ಇವತ್ತಿನ ಎಷ್ಟೋ ಡ್ರೈವರ್‌ಗಳಿಗೆ ಇಲ್ಲದ ಒಂದು ಅಭ್ಯಾಸ ಇರುತ್ತೆ, ಮುಳ್ಳಿನ ಮೇಲೆ ಕಣ್ಣು, ಇಂಜಿನ್ ಸದ್ದಿನ ಮೇಲೆ ಕಿವಿ. ಅದನ್ನ ನೀವು ಅವರಿಂದ ಕಲ್ತ್ಕೊಳಿ.

ಲಾರಿ ಹಿಂದೆ ಸಿಕ್ಕಾಗ ಅದರ ಬಾಲಕ್ಕೆ ಅಂಟ್ಕೊಂಡು ನಿಲ್ಬೇಡಿ, ಅದರ ಸೈಲೆನ್ಸರ್ ಬಿಸಿ ನೇರ ನಿಮ್ಮ ಗ್ರಿಲ್‌ಗೆ ಬರುತ್ತೆ, ಎರಡು ಕಾರಿನಷ್ಟು ಜಾಗ ಬಿಡಿ. ಹಾಫ್ ಕ್ಲಚ್ಚಲ್ಲಿ ಹಿಡ್ಕೊಂಡು ತೆವಳ್ಬೇಡಿ, ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲಲ್ಲಿ ನಿಲ್ಲಿಸಿ, ಮುಂದೆ ನಾಲ್ಕು ಗಾಡಿ ಜಾಗ ಆದ್ಮೇಲೆ ಒಂದೇ ಸಲ ಫಸ್ಟಲ್ಲಿ ಹೋಗಿ. ನೀರು ಹಾಕಲೇಬೇಕಾಗಿ ಬಂದ್ರೆ ಪೂರ್ತಿ ಆರಿದ ಮೇಲೆ ಮುಚ್ಚಳ ತೆಗೆದು, ಇಂಜಿನ್ ಸ್ಟಾರ್ಟ್ ಮಾಡಿ ಐಡಲಲ್ಲಿ ಬಿಟ್ಟು, ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಹುಯ್ಯಿರಿ. ಅಂಥ ಹೊತ್ತಲ್ಲಿ ತೊರೆ ನೀರಾದ್ರೂ ಪರವಾಗಿಲ್ಲ, ಊರು ಸೇರಿ ಆ ವಾರದಲ್ಲೇ ಪೂರ್ತಿ ತೆಗ್ಸಿ ಕೂಲೆಂಟ್ ತುಂಬಿಸಿ. ಘಾಟಿಗೆ ಹೊರಡೋ ದಿನ ಡಿಕ್ಕೀಲಿ ಐದು ಲೀಟರ್ ನೀರಿನ ಕ್ಯಾನ್ ಒಂದಿರ್ಲಿ.